ಟೆಲಿಫೋನಮ್ಮನ ಬಾವಿ

ಚೂಡಾಮಣಿಯವರು ಯಾರ ಮನೆಗೆ ಹೋದರೂ ಕುಡಿಯಲು ಕೊಟ್ಟ ನೀರನ್ನು ಪೂರ್ತಿ ಕುಡಿಯುವುದಿಲ್ಲ. ಲೋಟದ ತಳದಲ್ಲಿ ಒಂದು ಗುಟುಕು ಉಳಿಸಿಕೊಂಡು, ಹೊರಡುವಾಗ ಅದನ್ನು ಹೊಸ್ತಿಲಾಚೆ ಮೆಟ್ಟಿಲ ಬುಡಕ್ಕೆ ಮೆಲ್ಲನೆ ಸುರಿದು, ಸೊಂಟದ ಮೇಲೆ ಕೈಯಿಟ್ಟು ನಿಂತು, ಆ ನೀರು ಎತ್ತ ಹೊರಟಿತು, ಎಲ್ಲಿ ತಡವರಿಸಿತು, ಕೊನೆಗೆ ಯಾವ ಸಂದಿಯಲ್ಲಿ ಅಂತರ್ಧಾನವಾಯಿತು ಎಂಬುದನ್ನು ಕಣ್ಣಾರೆ ಕಂಡ ಮೇಲೆಯೇ ಅವರು ಚಪ್ಪಲಿ ಮೆಟ್ಟುವುದು. ಹೊಸಬರಿಗೆ ಇದು ದೃಷ್ಟಿ ತೆಗೆಯುವ ಯಾವುದೋ ಶಾಸ್ತ್ರದಂತೆ ತೋರುತ್ತದೆ. ಬನಶಂಕರಿಯ ಕಲ್ಯಾಣಮಂಟಪವೊಂದರಲ್ಲಿ ಊಟದ ಪಂಕ್ತಿಯ ನಡುವೆಯೇ ಈ ಪರೀಕ್ಷೆ ನಡೆಸಿ, ಗಂಡಿನ ಕಡೆಯ ಹಿರಿಯರೊಬ್ಬರ ರೇಷ್ಮೆ ಪಂಚೆಯ ಅಂಚು ತೋಯಿಸಿ, ಕ್ಷಮೆ ಕೇಳುವ ಬದಲು "ನೋಡಿದ್ರಾ, ಹಾಲ್ ಪೂರ್ತಿ ನಿಮ್ಮ ಕಡೆಗೇ ಇಳಿಜಾರು" ಎಂದು ಶುಭವಾರ್ತೆಯೆಂಬಂತೆ ತಿಳಿಸಿ ಬಂದವರು ಇವರು. ಹೆಣ್ಣಿನ ಕಡೆಯವರು ಆಮೇಲೆ ಆ ಹಿರಿಯರನ್ನು ಸಮಾಧಾನ ಮಾಡಬೇಕಾಯಿತು.

ಜೆ.ಪಿ. ನಗರದಲ್ಲಿ, ಸಾರಕ್ಕಿಯ ಹಳೆಯ ಊರಿಗೆ ಬೆನ್ನು ತಾಗಿಸಿಕೊಂಡಿರುವ ನಮ್ಮ ಅಡ್ಡರಸ್ತೆಗೆ ಅವರು ಬಂದದ್ದು ನಿವೃತ್ತಿಯ ನಂತರ. ಹುಟ್ಟಿ ಬೆಳೆದದ್ದು ಜಯನಗರದಲ್ಲಿ, ದುಡಿದದ್ದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ. ಮದುವೆಯ ಗೊಡವೆಗೆ ಹೋಗಲಿಲ್ಲ. ಟ್ರಂಕ್ ಕಾಲ್‌ಗಳ ಕಾಲದಲ್ಲಿ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಊರಿನ ಸಾವಿನ ಸುದ್ದಿಯನ್ನೂ ಇನ್ನೊಂದು ಊರಿನ ಹೆರಿಗೆಯ ಸುದ್ದಿಯನ್ನೂ ಸೇರಬೇಕಾದ ಕಿವಿಗೆ ಸೇರಿಸುತ್ತ ಯೌವನ ಕಳೆದವರು. ಕೆಲಸ ಬಿಟ್ಟರೂ ಆ ಕೆಲಸದ ಮಾತು ಅವರನ್ನು ಬಿಡಲಿಲ್ಲ. ತರಕಾರಿಯವನು ಬೆಲೆ ಹೇಳುತ್ತಿರಲಿ, ಡಾಕ್ಟರು ನಾಲಿಗೆ ಚಾಚಿ ಎನ್ನುತ್ತಿರಲಿ, ಯೋಚಿಸಲು ತುಸು ಸಮಯ ಬೇಕೆನಿಸಿದರೆ ಸಾಕು, ಬಲಗೈಯ ತೋರುಬೆರಳನ್ನು ಎತ್ತಿ "ಸ್ವಲ್ಪ ಲೈನ್‌ನಲ್ಲಿರಿ" ಎನ್ನುತ್ತಾರೆ. ಎದುರಿನವರು ನಿಜಕ್ಕೂ ಉಸಿರು ಬಿಗಿಹಿಡಿದು ಕಾಯುತ್ತಾರೆ. ಹಳೇ ಊರಿನವರು ಅವರಿಗೆ ಟೆಲಿಫೋನಮ್ಮ ಎಂದು ಹೆಸರಿಟ್ಟದ್ದು ಈ ಕಾರಣಕ್ಕೆ.

ಅವರ ಇನ್ನೊಂದು ಆಸ್ತಿ ಒಂದು ರೇನ್‌ಕೋಟು. ಇಲಾಖೆಯವರು ಒಂದು ಕಾಲದಲ್ಲಿ ಲೈನ್‌ಮನ್‌ಗಳಿಗೆ ಕೊಡುತ್ತಿದ್ದ, ಅಳತೆಯಲ್ಲಿ ಇಬ್ಬರು ಚೂಡಾಮಣಿಯರು ಹಿಡಿಸುವಂಥ, ಮೂಲವರ್ಣ ಯಾವುದೆಂದು ಈಗ ಯಾರೂ ಹೇಳಲಾರದ ಕೋಟು. ಮೋಡ ಕವಿದು ಮೊದಲ ಹನಿ ಬಿದ್ದೊಡನೆ ನಾವೆಲ್ಲ ಒಣಗಿಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಓಡಿದರೆ, ಅವರು ಸೀರೆಯನ್ನು ಎತ್ತಿ ಸಿಕ್ಕಿಸಿ, ಆ ಕೋಟನ್ನು ಹೊದ್ದು, ಗೇಟು ತೆರೆದು ಹೊರಗೆ ಹೊರಡುತ್ತಾರೆ. ನಡೆಯುವುದು ಸದಾ ಮೋರಿಯ ಅಂಚಿನಲ್ಲಿ. ತಲೆ ತಗ್ಗಿಸಿ, ನೀರಿನ ವೇಗಕ್ಕೆ ಹೆಜ್ಜೆ ಹೊಂದಿಸಿ, ಅದು ತಿರುಗಿದಲ್ಲಿ ತಿರುಗಿ, ಅದು ಸುಳಿ ಸುತ್ತಿದಲ್ಲಿ ತಾವೂ ನಿಂತು. ಒಮ್ಮೆ ನಾನೂ ಕೊಡೆ ಹಿಡಿದು ಅವರ ಹಿಂದೆ ಹೋದೆ. ದಿನವೂ ನೋಡುವ ರಸ್ತೆ ಅಂದು ನನಗೆ ಬೇರೆಯಾಗಿ ಕಂಡಿತು. ಮೇಲಿನ ಸರ್ಕಲ್ಲಿನಿಂದ, ತಾರಸಿಗಳಿಂದ, ಸಿಮೆಂಟು ಹಾಸಿದ ಅಂಗಳಗಳಿಂದ ಸಹಸ್ರ ಎಳೆಗಳಲ್ಲಿ ಇಳಿದುಬಂದ ನೀರು ನಮ್ಮ ಮೋರಿಯಲ್ಲಿ ಒಂದಾಗಿ, ಘೋಷಗೈಯುತ್ತ, ಯಾರಿಗೂ ಬೇಡವಾಗಿ ರಾಜಕಾಲುವೆಯ ಕಡೆಗೆ ಧಾವಿಸುತ್ತಿತ್ತು. ಅದೇ ವರ್ಷದ ಬೇಸಿಗೆಯಲ್ಲಿ ಹಿಂದಿನ ಗಲ್ಲಿಯ ಹೆಂಗಸರು ಟ್ಯಾಂಕರಿಗೆ ಕಾದು ಕಾದು ಕಿತ್ತಾಡಿದ್ದನ್ನು ನಾವೆಲ್ಲ ಕಂಡಿದ್ದೆವು.

"ಇಷ್ಟೊಂದು ಕಾಲ್ ಬರ್ತಿದೆ, ರಿಸೀವ್ ಮಾಡೋರೇ ಇಲ್ಲ" ಎಂದರು ಚೂಡಾಮಣಿಯವರು. ಅವರ ಕಣ್ಣು ತುಂಬಿತ್ತೋ ಮಳೆಯ ನೀರೋ ಗೊತ್ತಾಗಲಿಲ್ಲ.

ರಿಸೀವ್ ಮಾಡುವವರನ್ನು ಅವರು ಆಗಲೇ ಹುಡುಕಿಟ್ಟಿದ್ದರು. ನಮ್ಮ ಪಾರ್ಕಿನ ಮೂಲೆಯಲ್ಲಿ ಕಬ್ಬಿಣದ ಜಾಲರಿ ಮುಚ್ಚಿದ ಒಂದು ಕಲ್ಲುಕಟ್ಟಡದ ಬಾವಿಯಿದೆ. ಇಲ್ಲೆಲ್ಲ ರಾಗಿಹೊಲ, ಸೊಪ್ಪಿನ ಮಡಿಗಳಿದ್ದ ಕಾಲದಲ್ಲಿ ಅದು ಸೊಣ್ಣಮ್ಮನ ಮನೆಯವರ ಬಾವಿ. ಹೊಲ ಬಡಾವಣೆಯಾಯಿತು, ಸೊಣ್ಣಮ್ಮನ ಮನೆಯವರು ಬಾಡಿಗೆ ಮನೆಗಳ ಮಾಲೀಕರಾದರು, ಬಾವಿ ಬತ್ತಿ ಬಾಟಲಿ ಬಿಸಾಡುವ ಗುಂಡಿಯಾಯಿತು. ಸೊಣ್ಣಮ್ಮನ ಮಗ ಬೈರಣ್ಣ ಈಗ ಬಡಾವಣೆಯ ಸಂಘದ ಅಧ್ಯಕ್ಷ. ಬಾವಿಯ ಮೇಲೆ ಸ್ಲ್ಯಾಬ್ ಹಾಕಿ, ವ್ಯಾಯಾಮದ ಉಪಕರಣಗಳನ್ನು ನಿಲ್ಲಿಸಬೇಕೆಂದು ಸಂಘ ತೀರ್ಮಾನಿಸಿತ್ತು. ಚೂಡಾಮಣಿಯವರು ಸಭೆಯಲ್ಲಿ ಎದ್ದು, ಮೋರಿಯ ಮಳೆನೀರನ್ನು ಸೋಸಿ ಆ ಬಾವಿಗೆ ಇಳಿಸೋಣ, ಪಾರ್ಕಿನ ಗೇಟಿನ ಬಳಿ ನಲ್ಲಿ ಹಾಕಿ ಗಲ್ಲಿಯವರಿಗೆಲ್ಲ ಬಳಸಲು ಕೊಡೋಣ ಎಂದಾಗ ಒಂದಿಬ್ಬರು ನಕ್ಕರು. ಬೈರಣ್ಣ ನಗಲಿಲ್ಲ. "ಮೇಡಂ, ನನ್ನದೇನೂ ಅಡ್ಡಿ ಇಲ್ಲ. ಅಮ್ಮನ್ನ ಒಂದು ಮಾತು ಕೇಳಿ. ಬಾವಿ ಅವರ್ದು" ಎಂದ.

ಸೊಣ್ಣಮ್ಮನನ್ನು ಕೇಳುವುದು ಸಾಮಾನ್ಯದ ಮಾತಲ್ಲ. ಎಂಬತ್ತು ದಾಟಿದ ಜೀವ. ಮನೆಯ ಜಗುಲಿಯ ಮೇಲೆ ಎಲೆ ಅಡಿಕೆ ಕುಟ್ಟುತ್ತ ಕೂತೇ ಇಡೀ ಗಲ್ಲಿಯನ್ನು ಆಳುವ ಹೆಂಗಸು. ಆಕೆ ಮುಟ್ಟಿದ ಸೊಪ್ಪನ್ನೇ ಗಲ್ಲಿ ಕೊಳ್ಳುತ್ತಿತ್ತು, ಆಕೆ ಮೂಗು ಮುರಿದ ಡಾಕ್ಟರು ಅಲ್ಲಿಂದ ಅಂಗಡಿ ಎತ್ತುತ್ತಿದ್ದ. ಚೂಡಾಮಣಿಯವರ ಮಾತನ್ನೆಲ್ಲ ಕೇಳಿಸಿಕೊಂಡು ಆಕೆ ಕುಟ್ಟಾಣಿ ಕೆಳಗಿಟ್ಟಳು.

"ಮದ್ವೆಯಾಗಿ ಬಂದಾಗ ಆ ಬಾವಿಗೆ ಗಂಗೆ ಪೂಜೆ ಮಾಡಿ ಒಳಕ್ಕೆ ಕಾಲಿಟ್ಟೋಳು ನಾನು. ಅದಕ್ಕೆ ಮೋರಿ ನೀರು ಬುಡ್ತೀಯೇನಮ್ಮ?"

"ಸ್ವಲ್ಪ ಲೈನ್‌ನಲ್ಲಿರಿ, ಸೊಣ್ಣಮ್ಮನೋರೇ. ಆಗ ಆ ಬಾವಿಗೆ ನೀರು ಎಲ್ಲಿಂದ ಬರ್ತಿತ್ತು?"

"ಮೇಲ್ಗಡೆ ಹೊಲ್ದಿಂದ. ಮಳೆ ಉಯ್ದ್ರೆ ಇಂಗಿ ಇಂಗಿ ಬರೋದು."

"ಆ ಹೊಲದ ಮೇಲೇ ಈಗ ರಸ್ತೆ ಆಗಿರೋದು. ನೀರು ಅದೇ ಅಲ್ವಾ?"

ಸೊಣ್ಣಮ್ಮ ಕುಟ್ಟಾಣಿಯನ್ನು ಮತ್ತೆ ಕೈಗೆತ್ತಿಕೊಂಡು ನಾಲ್ಕು ಏಟು ಕುಟ್ಟಿದಳು. "ನೀರು ಅದೇಯ. ದಾರಿ ಅದಲ್ಲ" ಎಂದಳು ಕೊನೆಗೆ. "ಮಾಡ್ಕೋ ಹೋಗು, ಬ್ಯಾಡ ಅನ್ನಕಿಲ್ಲ. ಆದ್ರೆ ನಾನು ಮುಟ್ಟಕಿಲ್ಲ."

ಆ ಕೊನೆಯ ಮಾತಿನ ತೂಕ ಚೂಡಾಮಣಿಯವರಿಗೆ ಅರ್ಥವಾಗಿತ್ತು. ಸೊಣ್ಣಮ್ಮ ಮುಟ್ಟದ ನೀರನ್ನು ಗಲ್ಲಿಯಲ್ಲಿ ಮತ್ತಾರೂ ಮುಟ್ಟುವುದಿಲ್ಲ, ಯಾರೂ ಮುಟ್ಟದ ಬಾವಿಯನ್ನು ಸಂಘ ಉಳಿಸುವುದಿಲ್ಲ.

ಅಲ್ಲಿಂದ ಅವರು ದಾರಿಯನ್ನು ತೊಳೆಯಲು ಹೊರಟರು. ಮಳೆನೀರಿನ ಮೋರಿಗೆ ಯಾರ ಮನೆಯ ಬಚ್ಚಲು ಕಳ್ಳದಾರಿಯಿಂದ ಸೇರಿಕೊಂಡಿದೆಯೆಂದು ಪತ್ತೆಹಚ್ಚಲು ಅವರು ಹೂಡಿದ ಉಪಾಯವನ್ನು ನೆನೆದರೆ ನಮ್ಮ ರಸ್ತೆ ಈಗಲೂ ನಗುತ್ತದೆ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಬಾಟಲಿ ಹಿಡಿದು ಮನೆ ಮನೆಯ ಕದ ತಟ್ಟಿ, "ನಿಮ್ಮ ಬಚ್ಚಲಿಗೆ ಒಂದು ಚೂರು ನೀಲಿ ಹಾಕ್ಲಾ?" ಎಂದು ಕೇಳಿ, ಹಾಕಿ, ಆ ವಯಸ್ಸಿನಲ್ಲಿ ಮೆಟ್ಟಿಲಿಳಿದು ಓಡಿ, ಮೋರಿಯ ಮುಂದೆ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ನೀಲಿ ಬಂದರೆ ಅಲ್ಲಿಂದಲೇ ಮಹಡಿಯತ್ತ ಕೂಗಿ ಹೇಳುತ್ತಿದ್ದರು: "ಬಂತು! ನಿಮ್ಮದೇ!" ಮರ್ಯಾದಸ್ಥ ಮನೆಗಳ ಮರ್ಯಾದೆಯೆಲ್ಲ ಹೀಗೆ ನೀಲಿಯಾಗಿ ಬೀದಿಗೆ ಬಂತು. ನಾಚಿಕೆಗೋ ಕಾಟಕ್ಕೋ, ಒಬ್ಬೊಬ್ಬರಾಗಿ ಪೈಪು ಬದಲಾಯಿಸಿದರು. ರಸ್ತೆಯ ತಲೆಯಲ್ಲಿ ಸ್ಕೂಟರ್ ಗ್ಯಾರೇಜ್ ಇಟ್ಟಿರುವ ರಘು ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಸುಟ್ಟ ಆಯಿಲನ್ನು ಮೋರಿಗೆ ಚೆಲ್ಲುವುದು ಅವನ ಪದ್ಧತಿ. ಚೂಡಾಮಣಿಯವರು ದಿನವೂ ಅವನ ಸ್ಟೂಲಿನ ಮೇಲೆ ಹೋಗಿ ಕೂತು, ಬಂದ ಗಿರಾಕಿಗಳಿಗೆಲ್ಲ ನೀರಿನ ಕಥೆ ಹೇಳತೊಡಗಿದರು. "ಆಂಟಿ, ಕೈಮುಗೀತೀನಿ, ಆಯಿಲ್‌ನ ಡ್ರಮ್ಮಲ್ಲಿ ತುಂಬಿಸ್ತೀನಿ, ನೀವು ಮನೇಗೆ ಹೋಗಿ" ಎಂದು ಅವನೇ ಸೋತ.

ಕಚೇರಿಗಳಿಗೆ ಅಲೆದು ಅನುಮತಿ ತಂದು, ಪಾರ್ಕಿನ ಅಂಚಿನಲ್ಲಿ ತೊಟ್ಟಿಗಳನ್ನು ಕಟ್ಟಿಸಿದರು. ಮೋರಿಯ ನೀರು ಮೊದಲು ಒಂದು ಜಾಲರಿ ದಾಟಿ ಕಸ ಕಳೆದುಕೊಳ್ಳಬೇಕು, ಹೂಳಿನ ಗುಂಡಿಯಲ್ಲಿ ನಿಂತು ಮಣ್ಣನ್ನು ಕೆಳಗಿಳಿಸಬೇಕು, ಆಮೇಲೆ ದಪ್ಪ ಜಲ್ಲಿ, ಸಣ್ಣ ಜಲ್ಲಿ, ಇದ್ದಿಲು, ಮರಳು ಇವುಗಳ ನಡುವೆ ಇಳಿದು ತಿಳಿಯಾಗಿ ಬಾವಿ ಸೇರಬೇಕು. ಇಷ್ಟರ ಮುಂದೆ, ಮೋರಿಯ ಬಾಯಲ್ಲಿ, ಎತ್ತಿ ಇಳಿಸಬಹುದಾದ ಒಂದು ಮರದ ಹಲಗೆ. ವರ್ಷದ ಮೊದಲ ಮಳೆಗಳು ರಸ್ತೆಯ ಎಣ್ಣೆ ಧೂಳನ್ನೆಲ್ಲ ಹೊತ್ತು ತರುವುದರಿಂದ ಆಗ ಹಲಗೆ ಇಳಿದಿರುತ್ತದೆ. ನೀರು ಬಾವಿಗೆ ಹೋಗದೆ ರಾಜಕಾಲುವೆಗೆ ಹೋಗುತ್ತದೆ. ರಸ್ತೆ ತೊಳೆದು ಶುದ್ಧವಾದ ಮೇಲೆ ಹಲಗೆ ಏಳುತ್ತದೆ. ಆ ಹಲಗೆಯನ್ನು ಅವರು ಬೇರೆ ಯಾರ ಕೈಗೂ ಕೊಟ್ಟವರಲ್ಲ. ಮೊದಲ ವರ್ಷ ಬಾವಿ ಬಂದ ನೀರನ್ನೆಲ್ಲ ನುಂಗಿ ಒಣಗಿಯೇ ನಿಂತಿತು. "ಬಾಯಾರಿರೋದು ನೆಲ, ಮೊದಲು ಅದು ಕುಡೀಲಿ" ಎಂದರು. ಎರಡನೆಯ ವರ್ಷ ತಳದಲ್ಲಿ ಕನ್ನಡಿಯಷ್ಟು ನೀರು ಮಿನುಗಿತು. ಮೂರನೆಯ ವರ್ಷದ ಮಳೆಗಾಲದಲ್ಲಿ, ನಾನು ಜಾಲರಿಗೆ ಹಣೆಯಿಟ್ಟು ಬಗ್ಗಿ ನೋಡಿದಾಗ, ಯಾವ ಮೋರಿಯನ್ನು ಮೂಗು ಮುಚ್ಚಿಕೊಂಡು ದಾಟುತ್ತಿದ್ದೆನೋ ಅದರ ನೀರು ಕಲ್ಲಿನ ಕಟ್ಟಡದ ಅರ್ಧದವರೆಗೆ ಏರಿ, ನಿಶ್ಚಲವಾಗಿ, ಆಕಾಶವನ್ನು ಹೊತ್ತು ನಿಂತಿತ್ತು. ನನಗೆ ರೋಮಾಂಚನವಾಯಿತು, ಯಾಕೆ ಸುಳ್ಳು ಹೇಳಲಿ.

ಸಂಘ ಆ ವರ್ಷದ ದೀಪಾವಳಿಯವರೆಗೆ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಜನ ನೀರು ಬಳಸದಿದ್ದರೆ ಸ್ಲ್ಯಾಬ್. ಚೂಡಾಮಣಿಯವರು ಪಂಪು, ನಲ್ಲಿ ಹಾಕಿಸಿ, ವಿಜಯದಶಮಿಯ ಬೆಳಿಗ್ಗೆ ನಲ್ಲಿ ತೆರೆಯುವುದೆಂದು ಗೊತ್ತುಮಾಡಿ, ಗಲ್ಲಿಯವರನ್ನೆಲ್ಲ ಖುದ್ದಾಗಿ ಕರೆದು ಬಂದರು.

ಹಿಂದಿನ ದಿನ ಆಯುಧಪೂಜೆ. ಅಂದು ಬೆಂಗಳೂರಿನಲ್ಲಿ ತೊಳೆಸಿಕೊಳ್ಳದ ಗಾಡಿಯಿಲ್ಲ. ಸೋಪಿನ ನೊರೆ ಮೋರಿಗಿಳಿಯುವುದೆಂದು ಅವರು ಬೆಳಗಾಗುವ ಮೊದಲೇ ಹಲಗೆ ಇಳಿಸಿ, ಸಂಜೆ ಕೊನೆಯ ಕಾರು ತೊಳೆದು ಮುಗಿಯುವವರೆಗೆ ಕಾದು, ಎರಡು ಬಕೆಟ್ ನೀರು ಹಾಯಿಸಿ ನೊರೆಯಿಲ್ಲವೆಂದು ಖಾತ್ರಿ ಮಾಡಿಕೊಂಡು ಹಲಗೆ ಎತ್ತಿದರು. ಆಮೇಲೆ ರೇಷ್ಮೆ ಸೀರೆಯುಟ್ಟು, ದಸರಾ ಗೊಂಬೆಯ ಅರಿಶಿನ ಕುಂಕುಮಕ್ಕೆಂದು ಜಯನಗರಕ್ಕೆ, ತಂಗಿಯ ಮನೆಗೆ ಹೋದರು. ಇತ್ತ ರಸ್ತೆಯಲ್ಲಿ ಪೂಜೆ ಮುಗಿದು, ಗ್ಯಾರೇಜಿನ ಮುಂದೆ, ಅಂಗಡಿಗಳ ಮುಂದೆ, ಪ್ರತಿ ಕಾರಿನ ಮುಂದೆ, ತಿರುಳು ಕೊರೆದು ಕುಂಕುಮ ತುಂಬಿದ ಬೂದುಕುಂಬಳಕಾಯಿಗಳು ನಿವಾಳಿಸಿಕೊಂಡು ಒಡೆದವು. ರಸ್ತೆ ಕೆಂಪಾಯಿತು. ಆಗ ಬಂತು ಮಳೆ. ತಂಗಿಯ ಮನೆಯ ಗೊಂಬೆಗಳ ಮುಂದೆ ಉಸಲಿ ತಿನ್ನುತ್ತಿದ್ದ ಚೂಡಾಮಣಿಯವರು ಕಿಟಕಿಯಾಚೆ ನೋಡಿ ಸಂತೋಷಪಟ್ಟರಂತೆ, ಬಾವಿಗೆ ಇನ್ನಷ್ಟು ನೀರು ಬಂತೆಂದು.

ಬೆಳಿಗ್ಗೆ ಗಲ್ಲಿಯ ಜನ ಸೇರಿದ್ದರು. ಸೊಣ್ಣಮ್ಮ ಕೂಡ ಮಗನ ತೋಳು ಹಿಡಿದು ಬಂದು, ಮುಟ್ಟುವುದಿಲ್ಲವೆಂದ ಮೇಲೂ ನೋಡುವುದಕ್ಕೇನೆಂದು ಕಲ್ಲು ಬೆಂಚಿನ ಮೇಲೆ ಕೂತಿದ್ದಳು. ಚೂಡಾಮಣಿಯವರು ಪಂಪಿನ ಸ್ವಿಚ್ಚು ಒತ್ತಿ ನಲ್ಲಿ ತಿರುಗಿಸಿದರು. ನಲ್ಲಿ ಕೆಮ್ಮಿತು, ಉಗುಳಿತು, ಆಮೇಲೆ ಧಾರೆಯಾಗಿ ಸುರಿಯಿತು. ನೀರು ಕೆಂಪಗಿತ್ತು.

"ಅಯ್ಯೋ, ರಕ್ತ!" ಎಂದು ಯಾರೋ ಹಿಂದಕ್ಕೆ ಸರಿದರು. ರಘು ಮಾತ್ರ "ಮಗಾ, ನಮ್ ಕುಂಬಳಕಾಯಿ ಗುರು ಇದು" ಎಂದು ಪಕ್ಕದವನಿಗೆ ಪಿಸುಗುಟ್ಟಿದ. ಚೂಡಾಮಣಿಯವರು ರಸ್ತೆಯ ಒಡೆದ ಕುಂಬಳಕಾಯಿಗಳತ್ತ ತಿರುಗಿ ನೋಡಿದರು. ಆಗ ಸೊಣ್ಣಮ್ಮ ಬೆಂಚಿನಿಂದೆದ್ದಳು. ಮಗನ ಕೈ ಬಿಡಿಸಿಕೊಂಡು ಬಾವಿಯ ಬಳಿಗೆ ಹೋಗಿ ಜಾಲರಿಯೊಳಗೆ ದಿಟ್ಟಿಸಿದಳು.

"ಕುಂಕುಮ ಇಟ್ಕೊಂಡವ್ಳೆ ಕಣ್ರೋ. ನಮ್ ಗಂಗಮ್ಮ ಹಬ್ಬಕ್ಕೆ ಕುಂಕುಮ ಇಟ್ಕೊಂಡವ್ಳೆ!"

ಅಷ್ಟೇ ಸಾಕಾಯಿತು. ಹಿಂದೆ ಸರಿದಿದ್ದವರು ಮುಂದೆ ಬಂದರು. ಕೈಗಳು ಮುಗಿದವು, ಒಬ್ಬಾಕೆ ಮಂಗಳಾರತಿ ತರಲು ಮನೆಗೆ ಓಡಿದಳು, ಇನ್ನೊಬ್ಬಾಕೆ ಆಗಲೇ ಬೊಗಸೆಯೊಡ್ಡಿ ತೀರ್ಥವೆಂದು ತುಟಿಯ ಬಳಿಗೆ ಒಯ್ದಿದ್ದಳು. ಮೂರು ವರ್ಷ ಯಾವ ಒಪ್ಪಿಗೆಗಾಗಿ ಚೂಡಾಮಣಿಯವರು ಕಾದಿದ್ದರೋ ಅದು ಕೇಳದೆಯೇ, ದೈವವಾಣಿಯಾಗಿ, ಅವರ ಮಡಿಲಿಗೆ ಬಿದ್ದಿತ್ತು. ಸುಮ್ಮನಿದ್ದರೆ ಮುಗಿದಿತ್ತು. ಬಾವಿ ಉಳಿಯುತ್ತಿತ್ತು.

ಅವರು ಮುಂದೆ ನುಗ್ಗಿ ಆ ಹೆಂಗಸಿನ ಕೈಗೆ ಹೊಡೆದು ನೀರು ಚೆಲ್ಲಿಸಿದರು. ನಲ್ಲಿ ನಿಲ್ಲಿಸಿದರು.

"ಯಾರೂ ಬಾಯಿಗೆ ಹಾಕ್ಕೋಬೇಡಿ. ಸೊಣ್ಣಮ್ಮನೋರೇ, ಇದು ಗಂಗಮ್ಮ ಇಟ್ಕೊಂಡಿರೋ ಕುಂಕುಮ ಅಲ್ಲ. ಅಂಗಡಿ ಬಣ್ಣ, ಮಳೇಲಿ ಕರಗಿ ಮರಳಲ್ಲೂ ನಿಲ್ದೆ ರಸ್ತೆಯಿಂದ ಬಂದಿದೆ. ನಾನು ಬಿಟ್ಟಿದ್ದು." ಅವರು ಮೋರಿಯ ಬಾಯಿಯತ್ತ ಕೈ ತೋರಿಸಿದರು. "ಸೋಪು ಬರತ್ತೆ ಅಂತ ಹಲಗೆ ಹಾಕಿದೆ. ಎಣ್ಣೆಗೂ ಹಾಕ್ತೀನಿ. ಕುಂಕುಮಕ್ಕೆ ಹಾಕ್ಬೇಕು ಅಂತ ನನ್ನ ತಲೇಗೇ ಬರ್ಲಿಲ್ಲ. ಪೂಜೇದು ನೋಡಿ, ಕೊಳೆ ಅಂತ ಅನ್ನಿಸ್ಲೇ ಇಲ್ಲ."

ಬೈರಣ್ಣ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮೇಡಂ, ಅಮ್ಮನೇ ಒಪ್ಕೊಂಡಿದ್ದಾರೆ. ಯಾಕೆ ಕೆಡಿಸ್ಕೋತೀರಾ? ಎರಡು ದಿನ ಬಿಟ್ರೆ ತಿಳಿಯಾಗತ್ತೆ" ಎಂದ.

"ಸ್ವಲ್ಪ ಲೈನ್‌ನಲ್ಲಿರಿ, ಬೈರಣ್ಣ" ಎಂದು ಅವರು ಪಂಪಿನ ಪೈಪನ್ನು ನಲ್ಲಿಯಿಂದ ಕಿತ್ತು ರಾಜಕಾಲುವೆಯ ಕಡೆಗೆ ತಿರುಗಿಸಿದರು.

ಹಬ್ಬದ ದಿನವೆಲ್ಲ ಪಂಪು ಓಡಿತು. ಮೂರು ಮಳೆಗಾಲಗಳ ನೀರು ಕೆಂಪಗೆ ಹರಿದು ಹೋಗುವುದನ್ನು ಅವರು ಅಂಗಳದಲ್ಲಿ ಹೆಣವಿಟ್ಟವರಂತೆ ನಿಂತು ನೋಡಿದರು. ಕೂರಲಿಲ್ಲ, ಉಣ್ಣಲಿಲ್ಲ. ತೀರ್ಥ ಚೆಲ್ಲಿಸಿಕೊಂಡ ಹೆಂಗಸು ಶಾಪ ಹಾಕಿ ಹೋದಳು. ದೇವರೇ ಒಲಿದು ಬಂದರೂ ಒಲ್ಲೆನ್ನುವ ಈ ಜಯನಗರದವರ ಧಿಮಾಕನ್ನು ಗಲ್ಲಿ ನಾಲ್ಕು ದಿನ ಆಡಿಕೊಂಡಿತು. ಸೊಣ್ಣಮ್ಮ ಮಾತ್ರ ಜಗುಲಿಗೆ ಹೋಗಿ ಕೂತು, ಎಲೆ ಅಡಿಕೆ ಕುಟ್ಟುವುದನ್ನೂ ಮರೆತು, ಪಾರ್ಕಿನ ಕಡೆಗೇ ನೋಡುತ್ತಿದ್ದಳೆಂದು ಬೈರಣ್ಣ ಆಮೇಲೆ ಹೇಳಿದ. ಚೂಡಾಮಣಿಯವರು ಬಣ್ಣ ಕುಡಿದಿದ್ದ ಇದ್ದಿಲು, ಮರಳನ್ನು ತೆಗೆಸಿ ಹೊಸದು ಹಾಕಿಸಿದರು, ಬಾವಿಯ ಕಲ್ಲುಗಳನ್ನು ಉಜ್ಜಿಸಿದರು, ಮೊದಲೆರಡು ಹದ ಮಳೆಯನ್ನು ಹಲಗೆಯಾಚೆಗೆ ಕಳಿಸಿ ರಸ್ತೆ ತೊಳೆಸಿದರು. ಮಳೆಗಾಲ ಮುಗಿಯುತ್ತ ಬಂದಿತ್ತು, ಗಡುವೂ.

ಆಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ಏನೋ ಎದ್ದು, ಬೆಂಗಳೂರಿನ ಮೇಲೆ ಬಿಡದೆ ಜಿನುಗಿತು. ಜೋರಿಲ್ಲದ, ಆದರೆ ನಿಲ್ಲದ ಮಳೆ. ಆ ಹಳೆಯ ಕೋಟು ಮೋರಿಯ ಬಾಯಿಯ ಬಳಿ ಹಗಲೆಲ್ಲ ಕಾಣುತ್ತಿತ್ತು. ಮಳೆ ಹೊಳವಾದಾಗ ಬಾವಿಯಲ್ಲಿ ಮೊದಲಿನಷ್ಟು ನೀರಿರಲಿಲ್ಲ. ಇದ್ದಷ್ಟು ನೀರಿನ ತಳದಲ್ಲಿ ಒಂದೊಂದು ಕಲ್ಲೂ ಎಣಿಸುವ ಹಾಗೆ ಕಾಣುತ್ತಿತ್ತು. ಪಾರ್ಕಿನ ಗೇಟಿನಲ್ಲಿ ಸ್ಲ್ಯಾಬಿನ ಜಲ್ಲಿ, ಕಬ್ಬಿಣ ಬಂದು ಬಿದ್ದಿದ್ದವು.

ದೀಪಾವಳಿಯ ಮುನ್ನಾದಿನದ ಸಂಜೆ, ನರಕಚತುರ್ದಶಿಯ ಎಣ್ಣೆಸ್ನಾನಕ್ಕೆಂದು ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣು ಬಳಿದು, ಹೊಸ ನೀರು ತುಂಬಿ ಪೂಜಿಸುವ ದಿನ, ನೀರು ತುಂಬುವ ಹಬ್ಬ. ಸೊಣ್ಣಮ್ಮನ ಮನೆಯಲ್ಲಿ ಕಾವೇರಿ ನೀರಿನ ನಲ್ಲಿಯಿದೆ, ಬೋರ್‌ವೆಲ್ಲಿದೆ, ತಾರಸಿಯ ಮೇಲೆ ಟ್ಯಾಂಕುಗಳಿವೆ. ಆಕೆ ಬೆಳಗಿದ ತಾಮ್ರದ ಕೊಡವನ್ನು ಸೊಂಟಕ್ಕಿಟ್ಟುಕೊಂಡು, ಯಾರ ತೋಳನ್ನೂ ಹಿಡಿಯದೆ, ಗಲ್ಲಿಯ ಉದ್ದಕ್ಕೂ ಎಲ್ಲರ ಬಾಗಿಲ ಮುಂದೆ ನಿಧಾನವಾಗಿ ನಡೆದು ಪಾರ್ಕಿಗೆ ಬಂದಳು. ಅಲ್ಲಿ ನಾವು ಒಂದಿಬ್ಬರಿದ್ದೆವು. ಚೂಡಾಮಣಿಯವರು ತೊಟ್ಟಿಯ ಜಾಲರಿಯಿಂದ ಎಲೆ ಹೆಕ್ಕುತ್ತಿದ್ದರು. ಕೊಡ ಕಂಡು ಅವರ ಕೈ ನಿಂತಿತು.

"ಮುಟ್ಟಲ್ಲ ಅಂದಿದ್ರಿ" ಎಂದರು ಮೆಲ್ಲನೆ.

"ಅಂದಿದ್ದೆ. ಅವತ್ತು ಕುಂಕುಮದ್ ನೀರು ಅಂತ ನಾನೇ ಕೈ ಮುಗ್ದೆ. ನೀನು ಮುಗೀಲಿಲ್ಲ" ಎಂದಳು ಸೊಣ್ಣಮ್ಮ. "ನೀನು ಚೆಲ್ಲಿದ್ದಕ್ಕೇ ಕಣಮ್ಮ, ನಾನು ತುಂಬ್ಕೊಳ್ಳಾಕೆ ಬಂದಿರೋದು. ಬಿಡು ನಲ್ಲಿ."

ನೀರು ಕೊಡದೊಳಕ್ಕೆ ಬಿದ್ದ ಸದ್ದು ಮೊದಲು ಗಡುಸಾಗಿ, ತುಂಬುತ್ತ ತುಂಬುತ್ತ ಮೆತ್ತಗಾಯಿತು. ಚೂಡಾಮಣಿಯವರು ಅಳುತ್ತಿದ್ದರು, ಮುಚ್ಚಿಕೊಳ್ಳಲಿಲ್ಲ. ಸೊಣ್ಣಮ್ಮ ಕೊಡದ ಕಂಠಕ್ಕೆ ಅರಿಶಿನ ಹಚ್ಚಿ ಸೊಂಟಕ್ಕೆತ್ತಿಕೊಂಡು ತಿರುಗಿದಾಗ, ಗಲ್ಲಿಯ ಹೆಂಗಸರು ಬಿಂದಿಗೆ, ಬಕೆಟ್ಟು ಹಿಡಿದು ಗೇಟಿನಾಚೆ ಆ ಜಲ್ಲಿಯ ರಾಶಿಯನ್ನು ಸುತ್ತಿಕೊಂಡು ಬರುತ್ತಿದ್ದರು. ತೀರ್ಥ ಕಳೆದುಕೊಂಡು ಶಪಿಸಿದ್ದವಳೂ ಅವರಲ್ಲಿದ್ದಳು.

ಲೋಕದಲ್ಲಿ ಒಳ್ಳೆಯದನ್ನು ಕೂಡಿಡುವವರು ಬಹಳ ಮಂದಿ. ಅದಕ್ಕೆ ಬೇಕಾದ್ದು ತಾಳ್ಮೆ, ತಾಳ್ಮೆ ಕಲಿತರೆ ಬರುತ್ತದೆ. ಕೂಡಿಟ್ಟದ್ದರಲ್ಲಿ ದೋಷ ಕಂಡಾಗ, ಅದೂ ಲೋಕವೆಲ್ಲ ಅದನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುತ್ತಿರುವಾಗ, ತನ್ನ ಕೈಯಾರೆ ಅದನ್ನು ಚೆಲ್ಲಿ ಬರಿದಾಗಿ ನಿಲ್ಲಬಲ್ಲವರು ಎಲ್ಲೋ ಒಬ್ಬರು. ಅಂಥವರೊಡನೆ ಬಾಳುವುದು ಸುಲಭವಲ್ಲ. ಅವರು ನಮ್ಮ ಬಚ್ಚಲಿಗೆ ನೀಲಿ ಹಾಕುತ್ತಾರೆ, ನಮ್ಮ ಹಬ್ಬ ಕೆಡಿಸುತ್ತಾರೆ, ನಮ್ಮ ಬೊಗಸೆಗೆ ಹೊಡೆಯುತ್ತಾರೆ. ಆದರೂ ಊರು ಕೊನೆಗೆ ಕೊಡ ಹಿಡಿದು ಬರುವುದು ಅವರ ಬಾಗಿಲಿಗೇ.